ಬೆಳಕೋ, ತೇವವೋ: ಅಣುದಪ್ಪದ ಹಾಳೆಗಳಿಂದ ಸೆನ್ಸರ್ ಮಾಡುವ ಕಷ್ಟಸುಖ

ಮಳೆಗಾಲದಲ್ಲಿ ಕರಿದ ಹಪ್ಪಳವನ್ನು ತಟ್ಟೆಯಲ್ಲಿ ಬಿಟ್ಟರೆ ಊಟ ಮುಗಿಯುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಪಕ್ಕದಲ್ಲೇ ಇದ್ದ ಕೋಡುಬಳೆ ಸಂಜೆಯವರೆಗೂ ಗರಿಗರಿಯಾಗಿಯೇ ಇರುತ್ತದೆ. ಎರಡರ ಸುತ್ತ ಇದ್ದದ್ದು ಒಂದೇ ಗಾಳಿ, ಒಂದೇ ತೇವ. ಹಪ್ಪಳಕ್ಕೆ ಗಾಳಿಗೆ ತೆರೆದ ಮೈ ಹೆಚ್ಚು, ದಪ್ಪ ಕಡಿಮೆ. ನೀರಿನ ಆವಿ ಒಳಹೊಕ್ಕು ಸಾಗಬೇಕಾದ ದೂರವೇ ಇಲ್ಲ. ಹಪ್ಪಳವನ್ನು ಇನ್ನಷ್ಟು ಲಟ್ಟಿಸಿ, ಇದಕ್ಕಿಂತ ತೆಳು ಮಾಡಲು ಬರುವುದೇ ಇಲ್ಲ ಎನ್ನುವ ಹಂತಕ್ಕೆ ತಂದರೆ ಏನಾಗುತ್ತದೆ ಎಂಬುದೇ ಈ ಉಪನ್ಯಾಸದ ವಿಷಯ.

ಗ್ರಾಫೈಟ್‌ನ ಒಂಟಿ ಪದರವಾದ ಗ್ರಾಫೀನ್‌ನ ದಪ್ಪ 0.335 ನ್ಯಾನೊಮೀಟರ್. ಮಾಲಿಬ್ಡಿನಮ್ ಡೈಸಲ್ಫೈಡ್‌ನ ಒಂಟಿ ಪದರ ಸುಮಾರು 0.65 ನ್ಯಾನೊಮೀಟರ್, ನಡುವೆ ಮಾಲಿಬ್ಡಿನಮ್ ಪರಮಾಣುಗಳು, ಮೇಲೂ ಕೆಳಗೂ ಗಂಧಕದ ಪರಮಾಣುಗಳು. ಲಾರಿ ಗ್ಯಾರೇಜಿನಲ್ಲಿ ಸಿಗುವ ಕಪ್ಪು ಮಾಲಿ ಗ್ರೀಸಿನಲ್ಲಿ ಇರುವುದೂ ಇದೇ ಪದಾರ್ಥ. ಪದರಗಳ ನಡುವಿನ ಹಿಡಿತ ಸಡಿಲ, ಆದ್ದರಿಂದ ಒಂದರ ಮೇಲೊಂದು ಜಾರುತ್ತವೆ. ಗ್ರೀಸಿಗೆ ಜಾರುಗುಣ ಕೊಡುವ ಈ ಸಡಿಲ ಹಿಡಿತವೇ ಪದರಗಳನ್ನು ಸುಲಿಯಲೂ ಅನುಕೂಲ ಮಾಡಿಕೊಡುತ್ತದೆ. 2004ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂಡ್ರೆ ಗೈಮ್ ಮತ್ತು ಕೋನ್‌ಸ್ಟಾಂಟಿನ್ ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರಾಫೈಟನ್ನು ಮತ್ತೆ ಮತ್ತೆ ಸುಲಿದು ಒಂಟಿ ಪದರಕ್ಕೆ ಇಳಿಸಿ ತೋರಿಸಿದರು. 2010ರ ಭೌತಶಾಸ್ತ್ರದ ನೊಬೆಲ್ ಆ ಕೆಲಸಕ್ಕೆ ಬಂತು.

ಇಂಥ ಹಾಳೆಯಲ್ಲಿ ಎಲ್ಲವೂ ಮೇಲ್ಮೈಯೇ, ಒಳಗು ಎಂಬುದಿಲ್ಲ. ಬೆಳಕು ಬಿದ್ದರೂ, ನೀರಿನ ಒಂದು ಅಣು ಬಂದು ಕೂತರೂ, ಅಮೋನಿಯಾ ಸುಳಿದರೂ, ಬಿಸಿ ತಟ್ಟಿದರೂ ಹಾಳೆಯ ವಿದ್ಯುತ್ ರೋಧ ಬದಲಾಗುತ್ತದೆ. ಪ್ರಬಂಧಗಳಲ್ಲಿ ಇದನ್ನು ದೊಡ್ಡ ಗುಣವೆಂದು ಹೊಗಳುತ್ತಾರೆ. ಸೆನ್ಸರ್ ಮಾಡಲು ಕೂತವರಿಗೆ ಮೊದಲ ತಲೆನೋವು ಕೊಡುವುದೂ ಇದೇ ಗುಣ. ಮೀಟರಿನ ಮುಳ್ಳು ಅಲ್ಲಾಡಿತು ಸರಿ, ಅಲ್ಲಾಡಿಸಿದವರು ಯಾರು?

ಬೆಳಕು ಬಿದ್ದಾಗ

ಗ್ರಾಫೀನ್‌ನ ಒಂದು ಪದರ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ 2.3% ಹೀರುತ್ತದೆ. ಒಂದೇ ಪರಮಾಣುವಿನ ದಪ್ಪಕ್ಕೆ ಇದು ಬಹಳವೇ ಆಯಿತು. ಆದರೆ ಗ್ರಾಫೀನ್‌ಗೆ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನ್ ಬಿಡುಗಡೆಯಾಗಲು ದಾಟಬೇಕಾದ ಶಕ್ತಿಯ ಅಂತರ, ಇಲ್ಲ. ಕತ್ತಲಲ್ಲೂ ಅದರಲ್ಲಿ ಕರೆಂಟ್ ಧಾರಾಳವಾಗಿ ಹರಿಯುತ್ತಿರುತ್ತದೆ, ಬೆಳಕು ಕೂಡಿಸುವ ಚೂರು ಅದರಲ್ಲಿ ಮುಳುಗಿಹೋಗುತ್ತದೆ. ಹೀಗಾಗಿ ಬೆಳಕಿಗೆ ಮಾಲಿಬ್ಡಿನಮ್ ಡೈಸಲ್ಫೈಡ್ ವಾಸಿ. ದಪ್ಪ ಹರಳಿನಲ್ಲಿ ಅದರ ಗ್ಯಾಪ್ 1.2ರಿಂದ 1.3 ಎಲೆಕ್ಟ್ರಾನ್ ವೋಲ್ಟ್. ಒಂಟಿ ಪದರಕ್ಕೆ ಇಳಿಸಿದರೆ ಸುಮಾರು 1.8ಕ್ಕೆ ಏರುತ್ತದೆ. ಅಷ್ಟೇ ಅಲ್ಲ, ದಪ್ಪ ಹರಳಿನ ಪರೋಕ್ಷ ಗ್ಯಾಪ್ ಒಂಟಿ ಪದರದಲ್ಲಿ ನೇರ ಗ್ಯಾಪ್ ಆಗುತ್ತದೆ, ಅಂದರೆ ಬೆಳಕು ಬೇರೆ ನೆರವಿಲ್ಲದೆ ಎಲೆಕ್ಟ್ರಾನನ್ನು ಗ್ಯಾಪ್ ದಾಟಿಸಬಲ್ಲದು. 1240ನ್ನು ಎಲೆಕ್ಟ್ರಾನ್ ವೋಲ್ಟಿನಿಂದ ಭಾಗಿಸಿದರೆ ತರಂಗಾಂತರ ನ್ಯಾನೊಮೀಟರಿನಲ್ಲಿ ಸಿಗುತ್ತದೆ: 1240ನ್ನು 1.8ರಿಂದ ಭಾಗಿಸಿದರೆ 690ರ ಆಸುಪಾಸು. ಅಂದರೆ ಒಂಟಿ ಪದರಕ್ಕೆ ಕೆಂಪಿನವರೆಗೆ ಕಾಣುತ್ತದೆ. ಟಿವಿ ರಿಮೋಟಿನ 940 ನ್ಯಾನೊಮೀಟರ್ ಅವಕೆಂಪು ಕಾಣುವುದಿಲ್ಲ. ಕಡಿಮೆ ಬೆಲೆಯ ಅವಕೆಂಪು ಎಲ್ಇಡಿ ತಂದು ಪರೀಕ್ಷಿಸಿ, ಸೆನ್ಸರ್ ಸತ್ತಿದೆ ಎಂದು ಎಸೆಯುವುದು ಇಲ್ಲಿ ಸಾಮಾನ್ಯವಾದ ತಪ್ಪು.

ಹಾಳೆ ಒಂದು ಫೋಟಾನನ್ನು ಹೀರಿದಾಗ ಒಂದು ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ, ಅದು ಬಿಟ್ಟ ಜಾಗ ರಂಧ್ರವಾಗಿ ಉಳಿಯುತ್ತದೆ. ಎರಡೂ ತಂತಮ್ಮ ದಿಕ್ಕಿಗೆ ಓಡಿ ಆಚೆ ಸೇರಿದರೆ ಲೆಕ್ಕ ಚುಕ್ತಾ. ಆದರೆ ಹಾಳೆಯ ಕೊರತೆಗಳಲ್ಲಿ, ಕೆಳಗಿನ ಗಾಜಿನ ಮೇಲ್ಮೈಯಲ್ಲಿ ರಂಧ್ರಗಳನ್ನು ಹಿಡಿದಿಟ್ಟುಕೊಳ್ಳುವ ಬಲೆಗಳಿವೆ. ರಂಧ್ರ ಬಲೆಯಲ್ಲಿ ಸಿಕ್ಕಿರುವಷ್ಟು ಹೊತ್ತು ಎಲೆಕ್ಟ್ರಾನ್ ಒಂದು ತುದಿಯಿಂದ ಹೊರಬಿದ್ದರೆ ಇನ್ನೊಂದು ತುದಿಯಿಂದ ಬದಲಿ ಎಲೆಕ್ಟ್ರಾನ್ ಒಳಬರುತ್ತದೆ. ಹೀಗೆ ಒಂದು ಫೋಟಾನ್ ಸಾವಿರಾರು ಎಲೆಕ್ಟ್ರಾನ್‌ಗಳ ಓಡಾಟಕ್ಕೆ ಕಾರಣವಾಗಬಲ್ಲದು. 2013ರಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್‌ನ ತಂಡ ಒಂಟಿ ಪದರದ ಡೈಸಲ್ಫೈಡ್‌ನಲ್ಲಿ 561 ನ್ಯಾನೊಮೀಟರ್ ಬೆಳಕಿಗೆ ಪ್ರತಿ ವಾಟ್‌ಗೆ 880 ಆಂಪಿಯರ್ ಎಂದು ವರದಿ ಮಾಡಿತು. ಒಂದು ಫೋಟಾನಿಗೆ ಒಂದೇ ಎಲೆಕ್ಟ್ರಾನ್ ಎಂಬ ಲೆಕ್ಕದಲ್ಲಿ ಸಿಗಬೇಕಾದದ್ದು 561ನ್ನು 1240ರಿಂದ ಭಾಗಿಸಿದಷ್ಟು, ಅಂದರೆ 0.45 ಆಂಪಿಯರ್. ಹತ್ತಿರ ಹತ್ತಿರ ಎರಡು ಸಾವಿರ ಪಟ್ಟು ಹೆಚ್ಚು!

880 ಎಂಬ ಸಂಖ್ಯೆ ನೋಡಿ ಮೈಮರೆಯುವ ಮೊದಲು ಅದೇ ಸಾಧನದ ವೇಗವನ್ನೂ ನೋಡಬೇಕು. ಬೆಳಕು ಬಿದ್ದಾಗ ಏರಲು ಸುಮಾರು 4 ಸೆಕೆಂಡು, ಆರಿದಾಗ ಇಳಿಯಲು 9 ಸೆಕೆಂಡು. ಹೆಚ್ಚಳ ಬಂದದ್ದೇ ರಂಧ್ರ ಬಲೆಯಲ್ಲಿ ಬಹಳ ಹೊತ್ತು ಕೂತದ್ದರಿಂದ. ಅದು ಎದ್ದು ಹೋಗುವವರೆಗೆ ಕರೆಂಟ್ ಇಳಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಿಲಿಕಾನ್ ಫೋಟೊಡಯೋಡ್ ಪ್ರತಿ ವಾಟ್‌ಗೆ 0.6 ಆಂಪಿಯರ್ ಮಾತ್ರ ಕೊಟ್ಟರೂ ಅದರ ವೇಗ ನ್ಯಾನೊಸೆಕೆಂಡುಗಳಲ್ಲಿ. ಡೈಸಲ್ಫೈಡ್ ಸೆನ್ಸರ್ ಬಗ್ಗೆ ಬರೆಯುವವರು ಒಂದು ಸಂಖ್ಯೆಯನ್ನು ಹೇಳಿ ಇನ್ನೊಂದನ್ನು ನುಂಗಿದರೆ ಓದುಗರು ಕೇಳಿ ಪಡೆಯಬೇಕು.

ನೀರು ಬಂದು ಕೂತಾಗ

ತೇವಕ್ಕೆ ಒಗ್ಗುವ ಹಾಳೆ ಗ್ರಾಫೀನ್ ಆಕ್ಸೈಡ್. ಗ್ರಾಫೀನ್‌ನ ಮೈಮೇಲೆ ಆಮ್ಲಜನಕದ ಗುಂಪುಗಳನ್ನು ಹೊಲಿದರೆ ಆಗುವುದು ಇದು. ಗ್ರಾಫೀನ್ ನೀರನ್ನು ದೂರವಿಡುತ್ತದೆ, ಆಕ್ಸೈಡ್ ಕರೆದು ಕೂರಿಸುತ್ತದೆ. ಒಣಗಿದಾಗ ಅದು ಬಹುತೇಕ ಅವಾಹಕ. ತೇವ ಕಡಿಮೆಯಿದ್ದಾಗ ಮೊದಲು ಬಂದ ನೀರಿನ ಅಣುಗಳು ಆಮ್ಲಜನಕದ ಗುಂಪುಗಳಿಗೆ ಎರಡೆರಡು ಹೈಡ್ರೋಜನ್ ಬಂಧಗಳಿಂದ ಅಂಟಿಕೊಂಡು ಅಲುಗಾಡದೆ ಕೂರುತ್ತವೆ. ತೇವ ಹೆಚ್ಚಿದಂತೆ ಅವುಗಳ ಮೇಲೆ ಎರಡನೆಯ, ಮೂರನೆಯ ಸಾಲು ಸಡಿಲವಾಗಿ ಸೇರುತ್ತದೆ. ಆಗ ಪ್ರೋಟಾನ್ ಒಂದು ಅಣುವಿನಿಂದ ಪಕ್ಕದ ಅಣುವಿಗೆ, ಬೆಂಕಿ ಆರಿಸಲು ಸಾಲುಗಟ್ಟಿ ನಿಂತವರು ಕೈಯಿಂದ ಕೈಗೆ ಕೊಡ ದಾಟಿಸಿದಂತೆ, ದಾಟುತ್ತ ಹೋಗುತ್ತದೆ. ಗ್ರೊಥಸ್ ಸರಪಳಿ ಎಂದು ಇದಕ್ಕೆ ಹೆಸರು. ರೋಧ ಸಾವಿರಾರು ಪಟ್ಟು ಇಳಿಯುವುದು ಈ ಹಂತದಲ್ಲಿ.

ಡೈಸಲ್ಫೈಡ್‌ನಲ್ಲಿ ಕತೆ ಬೇರೆ. ಅಲ್ಲಿ ಕರೆಂಟ್ ಹೊರುವುದು ಎಲೆಕ್ಟ್ರಾನ್. ಮೇಲೆ ಕೂತ ನೀರು ಅದರಲ್ಲಿ ಸ್ವಲ್ಪ ಕಸಿದುಕೊಳ್ಳುತ್ತದೆ, ರೋಧ ಏರುತ್ತದೆ. ಆದರೆ ಸಣ್ಣ ಚೂರುಗಳನ್ನು ಒತ್ತಟ್ಟಿಗೆ ಸೇರಿಸಿ ಮಾಡಿದ ಫಿಲ್ಮಿನಲ್ಲಿ ತೇವ ತುಂಬಾ ಹೆಚ್ಚಾದರೆ ಚೂರುಗಳ ಸಂದಿಯಲ್ಲಿ ನೀರಿನ ದಾರಿ ತೆರೆದು, ಏರುತ್ತಿದ್ದ ರೋಧ ಇಳಿಯಲೂಬಹುದು. ಆಗ ಒಂದೇ ರೋಧ ಎರಡು ಬೇರೆ ಬೇರೆ ತೇವಾಂಶಗಳಿಗೆ ಹೊಂದುತ್ತದೆ. ಅಂಥ ಫಿಲ್ಮನ್ನು ತೇವ ಅಳೆಯಲು ಬಳಸದಿರುವುದೇ ಮೇಲು.

ತೆಳುವಿನಿಂದ ನಿಜವಾಗಿ ಸಿಗುವ ಲಾಭ ವೇಗ. 2013ರಲ್ಲಿ ಕೇಂಬ್ರಿಡ್ಜ್‌ನ ನೋಕಿಯಾ ಸಂಶೋಧನಾ ಕೇಂದ್ರದವರು 15 ನ್ಯಾನೊಮೀಟರ್ ದಪ್ಪದ ಗ್ರಾಫೀನ್ ಆಕ್ಸೈಡ್ ಫಿಲ್ಮಿನಲ್ಲಿ ಸುಮಾರು 30 ಮಿಲಿಸೆಕೆಂಡಿನ ಪ್ರತಿಕ್ರಿಯೆ ತೋರಿಸಿದರು. ಮಾರುಕಟ್ಟೆಯ ಒಳ್ಳೆಯ ಪಾಲಿಮರ್ ಸೆನ್ಸರ್‌ಗಳು ಒಂದರಿಂದ ಎಂಟು ಸೆಕೆಂಡು ತೆಗೆದುಕೊಳ್ಳುತ್ತವೆ. ಉಸಿರಾಟದ ಒಂದೊಂದು ಏರಿಳಿತವನ್ನೂ ಹಿಡಿಯಬೇಕೆಂದರೆ ಈ ವ್ಯತ್ಯಾಸಕ್ಕೆ ಬೆಲೆಯಿದೆ. ಕೋಣೆಯ ತೇವ ಅಳೆಯಲು ಇಲ್ಲ.

ಹಾಳೆ, ಗೆರೆ, ಹನಿ

ಗ್ರಾಫೀನ್ ಆಕ್ಸೈಡನ್ನು ನೀರಿನಲ್ಲಿ ಕದಡಿದ ರೂಪದಲ್ಲೇ ಕೊಳ್ಳುವುದು ಜಾಣತನ. ತಯಾರಿಸಲೇಬೇಕೆಂದರೆ 2010ರ ಸುಧಾರಿತ ವಿಧಾನ ಹೀಗಿದೆ: 3 ಗ್ರಾಂ ಗ್ರಾಫೈಟ್, 18 ಗ್ರಾಂ ಪೊಟ್ಯಾಸಿಯಂ ಪರ್ಮ್ಯಾಂಗನೇಟ್, ಇವಕ್ಕೆ 360 ಮಿಲಿಲೀಟರ್ ಗಂಧಕಾಮ್ಲ ಮತ್ತು 40 ಮಿಲಿಲೀಟರ್ ಫಾಸ್ಫಾರಿಕ್ ಆಮ್ಲದ ಮಿಶ್ರಣ, 50 ಡಿಗ್ರಿಯಲ್ಲಿ 12 ಗಂಟೆ ಕಲಕಿ, 3 ಮಿಲಿಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದ 400 ಮಿಲಿಲೀಟರ್ ಮಂಜುಗಡ್ಡೆಯ ಮೇಲೆ ಸುರಿಯುವುದು. ಅಪಾಯ ಇರುವುದು ಪರ್ಮ್ಯಾಂಗನೇಟ್ ಆಮ್ಲಕ್ಕೆ ಸೇರಿದಾಗ ಹುಟ್ಟುವ ಮ್ಯಾಂಗನೀಸ್ ಹೆಪ್ಟಾಕ್ಸೈಡ್‌ನಲ್ಲಿ. 55 ಡಿಗ್ರಿ ದಾಟಿದರೆ ಅದು ಸಿಡಿಯುತ್ತದೆ. ಅಸಿಟೋನ್, ಆಲ್ಕೊಹಾಲ್ ತಾಗಿದರೆ ಹೊತ್ತಿಕೊಳ್ಳುತ್ತದೆ. 50ಕ್ಕೂ 55ಕ್ಕೂ ನಡುವೆ ಇರುವುದು ಐದೇ ಡಿಗ್ರಿ. ಫ್ಯೂಮ್ ಹುಡ್ ಮತ್ತು ಅನುಭವಿ ಮೇಲ್ವಿಚಾರಕರು ಇಲ್ಲದ ಕಡೆ ಇದಕ್ಕೆ ಕೈಹಾಕಬಾರದು. ಇಷ್ಟಾದ ಮೇಲೂ ತೊಳೆಯುವ ಕೆಲಸ ದಿನಗಟ್ಟಲೆ ಹಿಡಿಯುತ್ತದೆ. ಆಮ್ಲ ಕಡಿಮೆಯಾದಂತೆ ಹಾಳೆಗಳು ಉಬ್ಬಿ ಇಡೀ ದ್ರಾವಣ ಗಂಜಿಯಂತಾಗುತ್ತದೆ, ಸೆಂಟ್ರಿಫ್ಯೂಜ್‌ನಲ್ಲೂ ಬೇಗ ಕೆಳಗಿಳಿಯುವುದಿಲ್ಲ. ಬೇಸತ್ತು ಅರ್ಧಕ್ಕೆ ನಿಲ್ಲಿಸಿದರೆ ಒಳಗುಳಿದ ಲವಣ, ಆಮ್ಲಗಳೇ ಮುಂದೆ ತೇವ ಹೀರಿ ಸುಳ್ಳು ಹೇಳುತ್ತವೆ.

ಡೈಸಲ್ಫೈಡ್ ಸುಲಿಯುವುದು ಇದಕ್ಕಿಂತ ಸಾಧು ಕೆಲಸ. 45% ಎಥನಾಲ್, 55% ನೀರು ಬೆರೆಸಿದ 50 ಮಿಲಿಲೀಟರ್ ದ್ರವಕ್ಕೆ 250 ಮಿಲಿಗ್ರಾಂ ನುಣ್ಣನೆಯ ಪುಡಿ ಹಾಕಿ ಅಲ್ಟ್ರಾಸಾನಿಕ್ ಬಾತ್‌ನಲ್ಲಿ 8 ಗಂಟೆ ಇಡಬೇಕು. ಅರ್ಧ ಗಂಟೆಗೊಮ್ಮೆ ಮಂಜುಗಡ್ಡೆ ಹಾಕಿ ಬಾತ್‌ನ ನೀರನ್ನು 25 ಡಿಗ್ರಿಯ ಕೆಳಗೇ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಸುಲಿದ ಪದರಗಳು ಮತ್ತೆ ಗಂಟುಕಟ್ಟುತ್ತವೆ, ಅಂಚುಗಳು ಉತ್ಕರ್ಷಣಗೊಳ್ಳುತ್ತವೆ. ರಾತ್ರಿಯಿಡೀ ತಂಗಲು ಬಿಟ್ಟು, ಮೇಲಿನ ದ್ರವವನ್ನು ಸೆಂಟ್ರಿಫ್ಯೂಜ್‌ನಲ್ಲಿ 250 ಪಟ್ಟು ಗುರುತ್ವಕ್ಕೆ 45 ನಿಮಿಷ ತಿರುಗಿಸಿ, ಮೇಲಿನ ಮೂರನೇ ಎರಡು ಭಾಗವನ್ನು ಪಿಪೆಟ್‌ನಿಂದ ಎತ್ತಬೇಕು. ‘1500 ಆರ್‌ಪಿಎಂ’ ಎಂದಷ್ಟೇ ಬರೆದರೆ ಸಾಲದು. 10 ಸೆಂಟಿಮೀಟರ್ ತ್ರಿಜ್ಯದ ರೋಟರಿನಲ್ಲಿ ಅದು 250 ಪಟ್ಟು. ಸಣ್ಣ ಯಂತ್ರದ 5 ಸೆಂಟಿಮೀಟರಿನಲ್ಲಿ ಅದರ ಅರ್ಧ. ಸಿಗುವುದು ಕಡುಹಸಿರು ದ್ರವ. ದ್ರವ ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆಂದು ತೋರಿಸುವ ಯುವಿ-ವಿಸಿಬಲ್ ಗ್ರಾಫಿನಲ್ಲಿ 610 ಮತ್ತು 670 ನ್ಯಾನೊಮೀಟರ್ ಹತ್ತಿರ ಎರಡು ಉಬ್ಬುಗಳು ಕಂಡರೆ ಪದಾರ್ಥ ಸರಿಯಿದೆ. ಲೇಸರ್ ಬೆಳಕು ಚದುರುವ ಬಗೆಯಿಂದ ಪದಾರ್ಥ ಗುರುತಿಸುವ ರಾಮನ್ ಯಂತ್ರ ಸಿಕ್ಕಿದರೆ, ಪ್ರತಿ ಸೆಂಟಿಮೀಟರಿನ ಲೆಕ್ಕದಲ್ಲಿ, 384 ಮತ್ತು 403ರ ಹತ್ತಿರದ ಎರಡು ಶಿಖರಗಳ ಅಂತರ ನೋಡಿ: 19ರ ಆಸುಪಾಸು ಒಂಟಿ ಪದರ, 25 ಆದರೆ ದಪ್ಪ. ಈ ವಿಧಾನದಲ್ಲಿ ಒಂಟಿ ಪದರ ಅಪರೂಪ. ಕೆಲವೇ ಪದರಗಳ, ಕೆಲವು ನೂರು ನ್ಯಾನೊಮೀಟರ್ ಅಗಲದ ಚೂರುಗಳೇ ಜಾಸ್ತಿ. ಎನ್‌ಎಂಪಿ ಎಂಬ ದ್ರಾವಕದಲ್ಲಿ ಇಳುವರಿ ಹೆಚ್ಚು ಬರುತ್ತದೆ ನಿಜ. ಆದರೆ ಅದು ಕುದಿಯುವುದು 202 ಡಿಗ್ರಿಯಲ್ಲಿ. ಫಿಲ್ಮಿನಲ್ಲಿ ಉಳಿದು ಚೂರುಗಳ ನಡುವೆ ಗೋಡೆ ಕಟ್ಟುತ್ತದೆ. ಇಳುವರಿಯ ಆಸೆ ಬಿಡುವುದೇ ಲೇಸು.

ಇನ್ನು ಎಲೆಕ್ಟ್ರೋಡ್. ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದರೊಳಗೊಂದು ಸೇರಿಸಿದಂಥ ವಿನ್ಯಾಸ ಬೇಕು. ಹಲ್ಲಿನ ಅಗಲ 200, ನಡುವಿನ ತೆರಪು 200 ಮೈಕ್ರೊಮೀಟರ್, ಒಟ್ಟು ಜಾಗ 5 ಮಿಲಿಮೀಟರ್ ಚೌಕ. ಇದನ್ನು ಮಾಮೂಲಿ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಮೇಲೆ ಮಾಡಿಸುವ ಆಸೆ ಎಲ್ಲರಿಗೂ ಆಗುತ್ತದೆ, ಖರ್ಚು ಕಡಿಮೆ. ಆದರೆ ಲೆಕ್ಕ ಹಾಕಿ ನೋಡಿ. ಮಿಲಿಲೀಟರಿಗೆ 0.5 ಮಿಲಿಗ್ರಾಂ ಇರುವ ಗ್ರಾಫೀನ್ ಆಕ್ಸೈಡ್ ದ್ರವದ 5 ಮೈಕ್ರೊಲೀಟರ್ ಹನಿಯಲ್ಲಿ 2.5 ಮೈಕ್ರೊಗ್ರಾಂ ಪದಾರ್ಥ. ಕಾಲು ಚದರ ಸೆಂಟಿಮೀಟರಿಗೆ ಹರಡಿದರೆ, ಸಾಂದ್ರತೆ 1.8 ಎಂದು ಹಿಡಿದು, ದಪ್ಪ ಸುಮಾರು 55 ನ್ಯಾನೊಮೀಟರ್. ಪಿಸಿಬಿಯ ತಾಮ್ರದ ಗೆರೆಯ ಎತ್ತರ 35 ಮೈಕ್ರೊಮೀಟರ್, ಅಂದರೆ ಫಿಲ್ಮಿನ ದಪ್ಪದ ಆರುನೂರು ಪಟ್ಟಿಗೂ ಮಿಗಿಲು. ಆಳೆತ್ತರದ ಗೋಡೆಗೆ ಈರುಳ್ಳಿ ಸಿಪ್ಪೆ ಹೊದಿಸಿದ ಹಾಗೆ, ಮೂಲೆಯಲ್ಲಿ ಹರಿಯದೆ ಇರುವುದಿಲ್ಲ. ಗಾಜಿನ ಮೇಲೆ 5 ನ್ಯಾನೊಮೀಟರ್ ಕ್ರೋಮಿಯಂ, ಅದರ ಮೇಲೆ 80 ನ್ಯಾನೊಮೀಟರ್ ಚಿನ್ನವನ್ನು ಮಾಸ್ಕ್ ಮೂಲಕ ಲೇಪಿಸಿದ ಎಲೆಕ್ಟ್ರೋಡ್ ಈ ಕೆಲಸಕ್ಕೆ ಸರಿ. ಬೆಳ್ಳಿ ಪೇಸ್ಟ್ ಬೇಡ. ತೇವ ಮತ್ತು ಡಿಸಿ ವೋಲ್ಟೇಜ್ ಎರಡೂ ಸೇರಿದರೆ ಬೆಳ್ಳಿ ಕರಗಿ ತೆರಪಿನಲ್ಲಿ ಬೇರಿನಂತೆ ಬೆಳೆದು ಒಂದು ದಿನ ಶಾರ್ಟ್ ಆಗುತ್ತದೆ. ಬರಿ ತಾಮ್ರಕ್ಕೆ ಗಂಧಕದ ಸಹವಾಸ ಆಗದು.

ಹನಿ ಹಾಕುವ ಮೊದಲು ಗಾಜನ್ನು ಸೋಪಿನ ನೀರು, ಅಸಿಟೋನ್, ಐಸೊಪ್ರೊಪನಾಲ್‌ಗಳಲ್ಲಿ ಹತ್ತು ಹತ್ತು ನಿಮಿಷ ತೊಳೆದು, ಯುವಿ-ಓಝೋನ್‌ನಲ್ಲಿ ಕಾಲು ಗಂಟೆ ಇಟ್ಟರೆ ನೀರು ಚೆನ್ನಾಗಿ ಹರಡುತ್ತದೆ. ಹನಿಯನ್ನು ಸುಮ್ಮನೆ ಒಣಗಲು ಬಿಟ್ಟರೆ ಮೇಜಿನ ಮೇಲೆ ಚೆಲ್ಲಿದ ಕಾಫಿಯ ಕಲೆಯಂತೆ ಅಂಚಿನಲ್ಲಿ ದಪ್ಪ ಬಳೆ, ನಡುವೆ ಬರಿದು. ಐದನೇ ಒಂದು ಭಾಗ ಐಸೊಪ್ರೊಪನಾಲ್ ಬೆರೆಸಿ, ಒಂದೇ ದೊಡ್ಡ ಹನಿಯ ಬದಲು 1 ಮೈಕ್ರೊಲೀಟರಿನ ಐದು ಹನಿಗಳನ್ನು ಒಂದು ಒಣಗಿದ ಮೇಲೆ ಇನ್ನೊಂದರಂತೆ ಹಾಕಿದರೆ ಬಳೆ ತಗ್ಗುತ್ತದೆ. ಏರ್‌ಬ್ರಶ್ ಇದ್ದರೆ ಇನ್ನೂ ಒಳ್ಳೆಯದು. ಗ್ರಾಫೀನ್ ಆಕ್ಸೈಡನ್ನು 50–60 ಡಿಗ್ರಿಗಿಂತ ಮೇಲೆ ಒಣಗಿಸಬಾರದು. ಬಿಸಿ ಏರಿದರೆ ಆಮ್ಲಜನಕ ಬಿಟ್ಟು ಮತ್ತೆ ಗ್ರಾಫೈಟಿನ ದಾರಿ ಹಿಡಿಯುತ್ತದೆ. ಕಂದುಬಣ್ಣ ಕಪ್ಪಾದರೆ ಕೆಲಸ ಕೆಟ್ಟಿತೆಂದೇ ಅರ್ಥ.

ಅಳತೆ

ತೇವದ ಫಿಲ್ಮಿಗೆ ಡಿಸಿ ಹಾಕಿ ಅಳೆಯುವುದು ದೊಡ್ಡ ತಪ್ಪು. ಪ್ರೋಟಾನ್‌ಗಳು ಒಂದೇ ತುದಿಗೆ ಹೋಗಿ ಗುಂಪುಗೂಡುತ್ತವೆ, ಕರೆಂಟ್ ಕ್ಷಣಕ್ಷಣಕ್ಕೂ ಇಳಿಯುತ್ತದೆ, 1.23 ವೋಲ್ಟ್ ದಾಟಿದರೆ ನೀರೇ ಒಡೆಯಬಹುದು. 0.5 ವೋಲ್ಟ್, 1 ಕಿಲೊಹರ್ಟ್ಸ್ ಎಸಿ ಸಾಕು. ಎಲ್‌ಸಿಆರ್ ಮೀಟರ್ (ಎಸಿಯಲ್ಲಿ ರೋಧ ಅಳೆಯುವ ಉಪಕರಣ) ಇಲ್ಲದವರು ಮೈಕ್ರೊಕಂಟ್ರೋಲರಿನ ಎರಡು ಪಿನ್‌ಗಳಿಂದ ಧ್ರುವವನ್ನು ಅರ್ಧ ಮಿಲಿಸೆಕೆಂಡಿಗೊಮ್ಮೆ ಅದಲುಬದಲು ಮಾಡಿ, ವೋಲ್ಟೇಜನ್ನು ರೋಧಕಗಳಿಂದ ತಗ್ಗಿಸಿ ಕೊಡಬಹುದು. ಎರಡೂ ಅರ್ಧಗಳು ಸಮನಾಗಿರಲಿ. ಆರ್ಡುಯಿನೊ ಎಂಬ ಮೈಕ್ರೊಕಂಟ್ರೋಲರ್ ಬೋರ್ಡಿನ ಎಡಿಸಿಗೆ, ಅಂದರೆ ವೋಲ್ಟೇಜನ್ನು ಅಂಕಿಯಾಗಿಸುವ ಭಾಗಕ್ಕೆ, ಮುಂದಿನ ರೋಧ 10 ಕಿಲೊಓಮ್‌ಗಿಂತ ಕಡಿಮೆಯಿದ್ದರೆ ಮಾತ್ರ ಸರಿಯಾಗಿ ಓದಲು ಬರುತ್ತದೆ, ನಮ್ಮ ಫಿಲ್ಮ್ ಇರುವುದು ಮೆಗಾಓಮ್‌ಗಳಲ್ಲಿ. ನಡುವೆ ಒಂದು ಬಫರ್, ಅಂದರೆ ಫಿಲ್ಮಿನಿಂದ ಕರೆಂಟ್ ಎಳೆಯದೆ ವೋಲ್ಟೇಜನ್ನು ದಾಟಿಸುವ ಆಂಪ್, ಬೇಕೇ ಬೇಕು.

ಬೆಳಕಿನ ಫಿಲ್ಮಿನಿಂದ ಬರುವುದು ನ್ಯಾನೊಆಂಪಿಯರ್‌ಗಳು. 10 ಮೆಗಾಓಮ್ ಫೀಡ್‌ಬ್ಯಾಕ್ ರೋಧ ಇರುವ, ಸಣ್ಣ ಸಂಕೇತ ಹಿಗ್ಗಿಸುವ ಚಿಪ್ ಆದ ಆಪ್-ಆಂಪ್‌ನಲ್ಲಿ 1 ನ್ಯಾನೊಆಂಪಿಯರ್ 10 ಮಿಲಿವೋಲ್ಟ್ ಆಗುತ್ತದೆ. ರೋಧಕ್ಕೆ ಅಡ್ಡಲಾಗಿ 10 ಪಿಕೊಫ್ಯಾರಡ್ ಇಟ್ಟರೆ ಆಂಪ್ ಕೂಗುವುದು, ಅಂದರೆ ತನ್ನಷ್ಟಕ್ಕೇ ಕಂಪಿಸುವುದು, ನಿಲ್ಲುತ್ತದೆ, ವೇಗ 1.6 ಕಿಲೊಹರ್ಟ್ಸ್‌ವರೆಗೆ ಉಳಿಯುತ್ತದೆ. ಈ ನಿಧಾನದ ಫಿಲ್ಮಿಗೆ ಅದು ಧಾರಾಳ. ಡಬ್ಬಿಯಲ್ಲಿ ಸಿಕ್ಕಿತೆಂದು ಎಲ್ಎಂ358 ಎಂಬ ಮಾಮೂಲಿ ಆಪ್-ಆಂಪ್ ಹಾಕಬೇಡಿ. ಅದರ ಸ್ವಂತ ಬಯಾಸ್ ಕರೆಂಟೇ ಹತ್ತಾರು ನ್ಯಾನೊಆಂಪಿಯರ್, ನಿಮ್ಮ ಸಂಕೇತ ಅದರಡಿ ಹೂತುಹೋಗುತ್ತದೆ. ಎಫ್‌ಇಟಿ ಇನ್‌ಪುಟ್ ಇರುವ, ಅಂದರೆ ಸ್ವಂತಕ್ಕೆ ಕರೆಂಟ್ ಬಹುತೇಕ ಎಳೆಯದ ಆಪ್-ಆಂಪೇ ಆಗಬೇಕು.

ಯಾರೂ ಮಾಡದ, ಆದರೆ ಮಾಡಲೇಬೇಕಾದ ಅಳತೆ ಇನ್ನೊಂದಿದೆ. ಏನೂ ಲೇಪಿಸದ ಖಾಲಿ ಎಲೆಕ್ಟ್ರೋಡನ್ನು ಅದೇ ತೇವಕ್ಕೆ ಒಡ್ಡಿ ನೋಡುವುದು. 90% ತೇವದಲ್ಲಿ ಬೋರ್ಡಿನ ಮೇಲ್ಮೈ, ಅದರಲ್ಲೂ ಬೆಸುಗೆಯ ಫ್ಲಕ್ಸ್ ಉಳಿದ ಜಾಗ, ತಾನೇ ಕರೆಂಟ್ ಸೋರಿಸುತ್ತದೆ. ಖಾಲಿ ಎಲೆಕ್ಟ್ರೋಡಿನ ರೋಧ ಫಿಲ್ಮಿನದಕ್ಕಿಂತ ನೂರು ಪಟ್ಟಾದರೂ ಹೆಚ್ಚಿರದಿದ್ದರೆ ಅಳೆಯುತ್ತಿರುವುದು ಹಾಳೆಯನ್ನಲ್ಲ, ಫ್ಲಕ್ಸನ್ನು.

ಸೆನ್ಸರಿನ ಓದನ್ನು ಗೊತ್ತಿರುವ ತೇವಾಂಶಕ್ಕೆ ಹೊಂದಿಸಿ ಕೋಷ್ಟಕ ಮಾಡಲು ದುಬಾರಿ ಚೇಂಬರ್ ಇಲ್ಲದಿದ್ದರೂ ನಡೆಯುತ್ತದೆ, ಉಪ್ಪುಗಳಿವೆ. ಮುಚ್ಚಿದ ಪಾತ್ರೆಯಲ್ಲಿ ಪರ್ಯಾಪ್ತ ಉಪ್ಪುನೀರಿನ ಮೇಲಿನ ಗಾಳಿಯ ತೇವಾಂಶ ಆಯಾ ಉಪ್ಪಿಗೆ ನಿಶ್ಚಿತ. 1977ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನ ಲೂಯಿಸ್ ಗ್ರೀನ್‌ಸ್ಪ್ಯಾನ್ ಕ್ರೋಡೀಕರಿಸಿದ ಪಟ್ಟಿಯೇ ಇವತ್ತಿಗೂ ಆಧಾರ. 25 ಡಿಗ್ರಿಯಲ್ಲಿ ಲಿಥಿಯಂ ಕ್ಲೋರೈಡ್ 11.3%, ಮೆಗ್ನೀಸಿಯಂ ಕ್ಲೋರೈಡ್ 32.8%, ಸೋಡಿಯಂ ಬ್ರೋಮೈಡ್ 57.6%, ಸೋಡಿಯಂ ಕ್ಲೋರೈಡ್ 75.3%, ಪೊಟ್ಯಾಸಿಯಂ ಸಲ್ಫೇಟ್ 97.3%. ಕಾಲು ಲೀಟರ್ ಗಾಜಿನ ಶೀಶೆಯ ತಳದಲ್ಲಿ ಒಂದೂವರೆ ಸೆಂಟಿಮೀಟರ್ ಉಪ್ಪಿನ ಕೆಸರು ಇರಲಿ. ಪೂರ್ತಿ ಕರಗಿ ತಿಳಿಯಾಗಿರಬಾರದು, ಕರಗದ ಉಪ್ಪು ಕಾಣುತ್ತಿರಬೇಕು. ಸೆನ್ಸರ್ ಅದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಮೇಲಿರಲಿ, ಉಪ್ಪು ಗೋಡೆ ಹಿಡಿದು ಮೇಲೇರುವ ಜಾತಿ. ಮುಚ್ಚಿ ಎರಡು ಗಂಟೆ ಬಿಡಿ. ಕೆಳಗಿನಿಂದ ಮೇಲಕ್ಕೆ ಒಂದು ಸುತ್ತು, ಮೇಲಿನಿಂದ ಕೆಳಕ್ಕೆ ಇನ್ನೊಂದು ಸುತ್ತು ಅಳೆದು ಎರಡೂ ರೇಖೆ ಎಷ್ಟು ದೂರ ಬಿದ್ದಿವೆ ನೋಡಿ.

ಅಡುಗೆಮನೆಯ ಉಪ್ಪು ಇದಕ್ಕೆ ಬರುವುದಿಲ್ಲ. ಶುದ್ಧ ಸೋಡಿಯಂ ಕ್ಲೋರೈಡ್ 75% ತೇವದವರೆಗೆ ಒಣಗಿಯೇ ಇರುತ್ತದೆ. ಡಬ್ಬಿಯ ಕಲ್ಲುಪ್ಪು ಅದಕ್ಕೂ ಮೊದಲೇ ನೀರೊಡೆಯುವುದು ಅದರಲ್ಲಿ ಬೆರೆತ ಮೆಗ್ನೀಸಿಯಂ ಕ್ಲೋರೈಡಿನಿಂದ. ಅದು 33% ದಾಟಿದರೆ ಸಾಕು, ನೀರು ಹೀರತೊಡಗುತ್ತದೆ.

ಒಂದು ಇನ್ನೊಂದರ ವೇಷದಲ್ಲಿ

ಈಗ ಮುಳ್ಳು ಅಲ್ಲಾಡಿಸಿದವರು ಯಾರು ಎಂಬ ಮೊದಲಿನ ಪ್ರಶ್ನೆಗೆ ಬರೋಣ. 2012ರಲ್ಲಿ ಒಂಟಿ ಪದರದ ಡೈಸಲ್ಫೈಡ್ ಟ್ರಾನ್ಸಿಸ್ಟರುಗಳ ಬಗ್ಗೆ ಒಂದು ಪ್ರಬಂಧ ಬಂತು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಿ.ಎನ್.ಆರ್. ರಾವ್ ಅದರ ಲೇಖಕರಲ್ಲೊಬ್ಬರು. ವೋಲ್ಟೇಜನ್ನು ಏರಿಸುವಾಗ ಒಂದು ದಾರಿ, ಇಳಿಸುವಾಗ ಇನ್ನೊಂದು ದಾರಿ ಹಿಡಿಯುವ ದೋಷಕ್ಕೆ ಮೇಲ್ಮೈ ಹೀರಿದ ತೇವವೇ ಕಾರಣ, ಬೆಳಕು ಅದನ್ನು ಇನ್ನಷ್ಟು ಹಿಗ್ಗಿಸುತ್ತದೆ ಎಂದು ಅವರು ತೋರಿಸಿದರು. ಸಿಲಿಕಾನ್ ನೈಟ್ರೈಡ್ ಹೊದಿಸಿದಾಗ ದೋಷ ತಗ್ಗಿತು, ಎಲೆಕ್ಟ್ರಾನ್‌ಗಳ ಓಟ ಹತ್ತು ಪಟ್ಟಿಗೂ ಹೆಚ್ಚು ಸರಾಗವಾಯಿತು. ಟ್ರಾನ್ಸಿಸ್ಟರ್ ಮಾಡುವವರಿಗೆ ಇದು ಪರಿಹಾರ. ಸೆನ್ಸರ್ ಮಾಡುವವರಿಗೆ ಎಚ್ಚರಿಕೆ, ಏಕೆಂದರೆ ಬೆಳಕೂ ತೇವವೂ ಅದೇ ಬಲೆಗಳಿಗಾಗಿ ಜಗಳವಾಡುತ್ತಿವೆ.

ಇದಕ್ಕಿಂತ ಮೋಸದ್ದು ಬಿಸಿ. 25 ಡಿಗ್ರಿ, 60% ತೇವ ಇರುವ ಕೋಣೆಯಲ್ಲಿ ಫಿಲ್ಮಿನ ಮೇಲೆ ಹ್ಯಾಲೊಜನ್ ದೀಪ ಬಿಟ್ಟಿರಿ, ಫಿಲ್ಮ್ ಎರಡೇ ಡಿಗ್ರಿ ಬೆಚ್ಚಗಾಯಿತು ಎನ್ನಿ. 25 ಡಿಗ್ರಿಯಲ್ಲಿ ಪರ್ಯಾಪ್ತ ಆವಿಯ ಒತ್ತಡ 3.17 ಕಿಲೊಪ್ಯಾಸ್ಕಲ್, 27ರಲ್ಲಿ 3.57. ಗಾಳಿಯಲ್ಲಿರುವ ನೀರು ಅಷ್ಟೇ ಇದ್ದರೂ ಫಿಲ್ಮಿನ ಮೈಗೆ ತಾಗುವ ಸಾಪೇಕ್ಷ ತೇವಾಂಶ 60ರಿಂದ 53ಕ್ಕೆ ಇಳಿಯಿತು. ಗ್ರಾಫೀನ್ ಆಕ್ಸೈಡ್ ಏಳು ಅಂಕ ಇಳಿದದ್ದನ್ನು ಪ್ರಾಮಾಣಿಕವಾಗಿ ತೋರಿಸುತ್ತದೆ, ನೋಡುವವರು ಅದನ್ನು ಬೆಳಕಿನ ಸಂವೇದನೆ ಎಂದು ಬರೆದುಕೊಳ್ಳುತ್ತಾರೆ. ಪರೀಕ್ಷೆ ಸುಲಭ: ಒಣ ಸಾರಜನಕದಲ್ಲಿ ಅದೇ ದೀಪ ಬಿಡಿ. ಸಂಕೇತ ಮಾಯವಾದರೆ ಅದು ಬೆಳಕಲ್ಲ. ದೀಪದ ಬದಲು 525 ಮತ್ತು 660 ನ್ಯಾನೊಮೀಟರ್ ಎಲ್ಇಡಿ ಬಳಸಿದರೆ ಬಿಸಿ ಬಹುಪಾಲು ದೂರವಾಗುತ್ತದೆ.

ಒಂದೇ ಫಿಲ್ಮಿನಿಂದ ಎರಡೂ ಕೆಲಸ ಮಾಡಿಸುವ ಪ್ರಬಂಧಗಳು ಓದಲು ಚೆನ್ನ, ಬಳಸಲು ಕಷ್ಟ. ಎರಡು ಫಿಲ್ಮ್ ಇಟ್ಟು ಪ್ರತಿಯೊಂದರ ಒಂದೊಂದು ಕಣ್ಣು ಕಟ್ಟಿಬಿಡುವುದು ಹೆಚ್ಚು ನಂಬಿಕೆಯ ದಾರಿ. ಡೈಸಲ್ಫೈಡ್‌ನ ಮೇಲೆ ತೆಳುಗಾಜು ಇಟ್ಟು, ಒಳಗೆ ಒಣ ಸಾರಜನಕ ತುಂಬಿ, ಅಂಚಿಗೆ ಎಪಾಕ್ಸಿ ಹಚ್ಚಿ: ಬೆಳಕು ಬರಲಿ, ನೀರು ಬಾರದಿರಲಿ. ಪಾರದರ್ಶಕವಾಗಿದೆಯೆಂದು ಪಿಡಿಎಂಎಸ್ ಸಿಲಿಕೋನ್ ಸುರಿಯುವವರಿದ್ದಾರೆ. ದ್ರವ ನೀರನ್ನು ತಡೆಯುವ ಅದು ನೀರಿನ ಆವಿಯನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ಗ್ರಾಫೀನ್ ಆಕ್ಸೈಡ್‌ನ ಮೇಲೆ ಆವಿ ದಾಟಬಲ್ಲ ಕಪ್ಪು ರಂಧ್ರಮಯ ಟೋಪಿ ಇಡಿ. ಬಿಳಿ ಟೆಫ್ಲಾನ್ ಪೊರೆ ಬೇಡ, ಅದರ ಮೂಲಕ ಬೆಳಕು ಚದುರಿ ಒಳಬರುತ್ತದೆ. ಎರಡರ ಪಕ್ಕ ಬಿಸಿ ಅಳೆಯುವ ಒಂದು ಥರ್ಮಿಸ್ಟರ್ ಇರಲಿ. ಬೆಳಕಿನ ಮೂಲ ನಿಮ್ಮದೇ ಆಗಿದ್ದರೆ ಅದನ್ನು ಫಿಲ್ಮಿನ ನಿಧಾನಕ್ಕೆ ಹೊಂದುವ ವೇಗದಲ್ಲಿ ಹತ್ತಿಸಿ ಆರಿಸಿ, ಆ ತಾಳಕ್ಕೆ ಕುಣಿಯುವ ಭಾಗವನ್ನಷ್ಟೇ ತೆಗೆದುಕೊಳ್ಳಬಹುದು. ತೇವ ಅಷ್ಟು ಬೇಗ ಬದಲಾಗದು. ಬಿಸಿಲನ್ನು ಹಾಗೆ ಆರಿಸಲಾಗದು, ಅಲ್ಲಿ ಶಟರ್ ಬೇಕು.

ಸಭೆಯ ಪ್ರಶ್ನೆಗಳು

ಕಾಗದದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ತೇವದ ಸೆನ್ಸರ್ ಮಾಡಿದ ವಿಡಿಯೊಗಳಿವೆ, ಅದೂ ಎರಡು ಆಯಾಮದ ಪದಾರ್ಥವೇ ಎಂದು ಒಬ್ಬರು ಕೇಳಿದರು. ಪೆನ್ಸಿಲಿನ ಗ್ರಾಫೈಟ್ ಅಲ್ಲಿ ಎಲೆಕ್ಟ್ರೋಡಿನ ಕೆಲಸ ಮಾಡುತ್ತದೆ. ತೇವ ಹೀರುವುದು ಕಾಗದದ ನಾರು. ಶಾಲೆಯಲ್ಲಿ ತೋರಿಸಲು ಒಳ್ಳೆಯ ಪ್ರಯೋಗ, ಹೆಸರು ಮಾತ್ರ ಬೇರೆ ಇಡಬೇಕು.

ರೇಷ್ಮೆ ಹುಳು ಸಾಕುವ ಮನೆಗೆ ಇದು ಉಪಯೋಗವೇ ಎಂಬುದು ಇನ್ನೊಂದು ಪ್ರಶ್ನೆ. ಅಲ್ಲಿ ಬೆಳಕೂ ತೇವವೂ ಎರಡೂ ಮುಖ್ಯ. ಚಾಕಿ ಹಂತದಲ್ಲಿ, ಅಂದರೆ ಹುಳು ತೀರಾ ಎಳೆಯದಿರುವಾಗ, 85–90% ತೇವ ಬೇಕು, ಕೊನೆಯ ಹಂತದಲ್ಲಿ 70% ಆಸುಪಾಸು, ಬೆಳಕು ಮಂದವಾಗಿ 15–30 ಲಕ್ಸ್. ಇದಕ್ಕೆ ಮಾರುಕಟ್ಟೆಯ ಎಸ್‌ಎಚ್‌ಟಿ31ರಂಥ ಸೆನ್ಸರ್ ಧಾರಾಳವಾಗಿ ಸಾಕು. ಅದರ ನಿಖರತೆ 2 ಅಂಕದೊಳಗೆ. ಗಂಟೆಗಳ ಲೆಕ್ಕದಲ್ಲಿ ಬದಲಾಗುವುದನ್ನು ಅಳೆಯಲು 30 ಮಿಲಿಸೆಕೆಂಡಿನ ವೇಗದಿಂದ ಏನೂ ಲಾಭವಿಲ್ಲ. ಮೇಲಾಗಿ ಹಿಕ್ಕೆ, ಉಳಿದ ಸೊಪ್ಪಿನಿಂದ ಏಳುವ ಅಮೋನಿಯಾ, ಸೋಂಕು ತೊಳೆಯಲು ಬಳಸುವ ಬ್ಲೀಚಿಂಗ್ ಪುಡಿಯ ಕ್ಲೋರಿನ್, ಇವೆಲ್ಲ ತೆರೆದ ಡೈಸಲ್ಫೈಡ್‌ನ ಮೈಗೆ ಹತ್ತುತ್ತವೆ.

ಎಷ್ಟು ದಿನ ಬಾಳುತ್ತದೆ ಎಂದು ಕೇಳಿದವರಿಗೆ ಪದಾರ್ಥವಾರು ಉತ್ತರವೇ ಸರಿ. ಕಪ್ಪು ರಂಜಕದ ತೆಳು ಪದರ ತೆರೆದ ಗಾಳಿಯಲ್ಲಿ ಕೆಲವೇ ದಿನಗಳಲ್ಲಿ ಕೆಡುತ್ತದೆ. 2011ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದಿಂದ ಬಂದ, ಟೈಟಾನಿಯಂ ಕಾರ್ಬೈಡಿನ ತೆಳು ಹಾಳೆಯಾದ ಮ್ಯಾಕ್ಸೀನ್ ನೀರಿನಲ್ಲಿ ಕೆಲವು ದಿನ, ವಾರಗಳಲ್ಲಿ ಟೈಟಾನಿಯಂ ಆಕ್ಸೈಡ್ ಆಗುತ್ತ ಹೋಗುತ್ತದೆ. ತೇವ ಅಳೆಯಲು ನೀರಿಗೆ ಹೆದರುವ ಪದಾರ್ಥವನ್ನು ಆರಿಸುವುದು ಏಕೆಂದು ಕೇಳಬೇಕಾದ್ದೇ. ಡೈಸಲ್ಫೈಡ್ ತಿಂಗಳುಗಟ್ಟಲೆ ತಾಳುತ್ತದೆ, ಅಂಚಿನಿಂದ ಒಳಕ್ಕೆ ನಿಧಾನವಾಗಿ ಸವೆಯುತ್ತದೆ. ಗ್ರಾಫೀನ್ ಆಕ್ಸೈಡ್‌ಗೆ ನೇರಳಾತೀತ ಬೆಳಕು ಶತ್ರು, ಕ್ಯಾಮೆರಾದ ಫ್ಲ್ಯಾಶ್ ಹತ್ತಿರದಿಂದ ಬಿದ್ದರೂ ಆಮ್ಲಜನಕ ಕಳೆದುಕೊಳ್ಳಬಹುದು; ದ್ರವವನ್ನು ಫ್ರಿಜ್ಜಿನಲ್ಲಿ, ಕಂದು ಶೀಶೆಯಲ್ಲಿ ಇಡಬೇಕು. 95% ಮೇಲಿನ ತೇವದಲ್ಲಿ ದಿನಗಟ್ಟಲೆ ಬಿಟ್ಟರೆ ಫಿಲ್ಮ್ ಉಬ್ಬಿ ಗಾಜಿನಿಂದ ಏಳುತ್ತದೆ. ವಾರಕ್ಕೊಮ್ಮೆ 75.3%ರ ಸೋಡಿಯಂ ಕ್ಲೋರೈಡ್ ಶೀಶೆಯಲ್ಲಿ ಎರಡು ಗಂಟೆ ಇಟ್ಟು ನೋಡಿ. ಓದು ಮೂರು ಅಂಕದೊಳಗೆ ಜರುಗಿದ್ದರೆ ಕೋಷ್ಟಕ ತಿದ್ದಿ ಮುಂದುವರಿಸಿ. ಅದಕ್ಕಿಂತ ಹೆಚ್ಚಿದ್ದರೆ ಹೊಸ ಗಾಜು, ಹೊಸ ಹನಿ.